ಅವಸರದ ಬಾಗಿಲುಗಳು

ಕಣ್ಣೆವೆ ಇಕ್ಕುವಷ್ಟರಲ್ಲಿ ನೂರು ಸಲ ಬಂದು ಹೋಗಬಲ್ಲಷ್ಟು ಚಿಕ್ಕದೊಂದು ಹೊತ್ತಿದೆ. ಅದನ್ನು ಕಂಡವರಿಲ್ಲ, ಅದರ ಸದ್ದು ಕೇಳಿದವರಿಲ್ಲ. ಊವೆ ಮೆರ್ಕ್ಲೆಯ ಚಾಕರಿಯೆಲ್ಲ ಅದರದೇ. ಆ ಶುಕ್ರವಾರ ಅವನು ಪಟ್ಟ ಪಾಡೂ ಅದರಿಂದಲೇ.

ಸ್ಟುಟ್‌ಗಾರ್ಟ್‌ನ ಮಗ್ಗುಲಲ್ಲಿರುವ ಕಾರು ಕಾರ್ಖಾನೆಯೊಂದರಲ್ಲಿ ಅವನು ಎಂಜಿನಿಯರು. ಈಗಿನ ಕಾರೆಂದರೆ ಚಕ್ರ ಕಟ್ಟಿದ ಟಪಾಲು ಕಚೇರಿಯಲ್ಲದೆ ಮತ್ತೇನಲ್ಲ. ಬ್ರೇಕು ಒತ್ತಿದ ಸುದ್ದಿ, ಮುಂದಿನ ಕ್ಯಾಮೆರಾ ಕಂಡ ಚಿತ್ರ, ಹಾಡು, ಹಾರನ್ನು, ಎಲ್ಲವೂ ಒಂದೇ ತಂತಿಯಲ್ಲಿ ಓಡಾಡಬೇಕು. ತಂತಿಗಳು ಕೂಡುವ ಕಡೆಯಲ್ಲೆಲ್ಲ ಅಂಗೈಯಗಲದ ಒಂದು ಪೆಟ್ಟಿಗೆ. ಅದಕ್ಕೆ ಸ್ವಿಚ್ಚು ಎಂದು ಹೆಸರು. ಅದರೊಳಗೆ ಸಾಲಾಗಿ ಬಾಗಿಲುಗಳು. ಬ್ರೇಕಿನ ಸುದ್ದಿ ಹಾಡಿನ ಹಿಂದೆ ನಿಂತು ಕಾಯುವಂತಾದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಬಾಗಿಲುಗಳಿಗೆ ಸರದಿ. ಬ್ರೇಕಿನದು ತೆರೆದು ಮುಚ್ಚಿತೋ, ಕ್ಯಾಮೆರಾದ್ದು ತೆರೆಯಿತು. ಅದು ಮುಚ್ಚಿತೋ, ಹಾಡಿನದು. ಆಮೇಲೆ ತಾಳದ ಆವರ್ತ ಮುಗಿದು ಸಮಕ್ಕೆ ಬಂದ ಹಾಗೆ ಮತ್ತೆ ಬ್ರೇಕಿನದೇ. ಬಾಗಿಲು ತೆರೆಯುವ ಮೊದಲೇ ಬಂದ ಸುದ್ದಿ ಹೊಸ್ತಿಲಲ್ಲಿ ಕಾಯುತ್ತದೆ. ಮುಚ್ಚಿದ ಮೇಲೆ ಬಂದದ್ದನ್ನು ಹಳಸಿತೆಂದು ಪೆಟ್ಟಿಗೆ ಚೆಲ್ಲಿಬಿಡುತ್ತದೆ. ಯಾವ ಪೆಟ್ಟಿಗೆಯ ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕೆಂದು ಗೊತ್ತುಮಾಡುವವನು ಮೆರ್ಕ್ಲೆ. ಆ ಹೊತ್ತನ್ನು ತಮ್ಮ ತಮ್ಮ ಪೆಟ್ಟಿಗೆಗೆ ಉಣಿಸುವವರು ಆಯಾ ವಿಭಾಗದವರು.

ವರ್ಷಗಟ್ಟಲೆ ಊರವರ ಹಾಡಿಗೆಲ್ಲ ತಾಳ ಹಾಕಿದವನ ಹಾಗೆ ಮೆರ್ಕ್ಲೆ ಬಸವಳಿದಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಉಪ್ಪು ಕೇಳಿ, ಮಗಳು ನೀರು ಕೇಳಿದರೆ, ಯಾರ ಸರದಿ ಮೊದಲು ಎಂದು ಯೋಚಿಸುವಷ್ಟರಲ್ಲಿ ಅವನ ಸೂಪು ಆರಿಹೋಗುತ್ತಿತ್ತು. ಅವನಿಗಿದ್ದದ್ದು ಒಂದೇ ಆಸೆ. ಅಂಗಳದ ಆಚೆ ಕಾರ್ಖಾನೆಯವರೇ ಹಳೆಯ ಕಾರುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ಶೆಡ್ಡು ಇತ್ತು. ಅಲ್ಲಿ ಕಂಪ್ಯೂಟರಿಲ್ಲ, ಎಣ್ಣೆಯ ವಾಸನೆ, ಹಿತ್ತಾಳೆಯ ಹೊಳಪು, ಉಜ್ಜುವ ಬಟ್ಟೆ, ಅಷ್ಟೇ. ಅಲ್ಲಿಗೆ ಕಳಿಸಿ ಎಂದು ಅವನು ಮೇಲಧಿಕಾರಿ ಫ್ರಾವ್, ಅಂದರೆ ಶ್ರೀಮತಿ, ಟ್ರೌಟ್ವೈನ್ ಅವರನ್ನು ಕೇಳುತ್ತಲೇ ಬಂದಿದ್ದ. ಆ ಬೆಳಿಗ್ಗೆ ಆಕೆ ಕಾಫಿ ಲೋಟ ಕೆಳಗಿಡದೆ ಹೇಳಿದರು.

"ಮಧ್ಯಾಹ್ನ ನಿರ್ದೇಶಕರು ಹೊಸ ಕಾರು ಓಡಿಸಿ ನೋಡ್ತಾರೆ. ಅವರು ಮೆಚ್ಚಿದ್ರೆ ಸೋಮವಾರದಿಂದ ನೀವು ಹಳೇ ಕಾರುಗಳ ಹತ್ರ ಹೋಗಿ, ನಾನೇ ಕಳಿಸಿಕೊಡ್ತೀನಿ. ಮೆಚ್ಚದಿದ್ರೆ, ಮೆರ್ಕ್ಲೆಯವರೇ, ಆ ಮಾತು ಇನ್ನು ನನ್ನ ಮುಂದೆ ಎತ್ತಬಾರದು."

ಮೆರ್ಕ್ಲೆ ಮನಸ್ಸಿನಲ್ಲೇ ಹಿತ್ತಾಳೆ ಉಜ್ಜುತ್ತ ಅಂಗಳಕ್ಕೆ ಬಂದು, ಕಾರಿನಲ್ಲಿ ಕೂತು ಪೆಡಲು ಒತ್ತಿದ. ಕಾರು ಬೆಳಗಿನ ಜಪಕ್ಕೆ ಕೂತವರ ಹಾಗೆ ಅಲ್ಲಾಡಲಿಲ್ಲ. ಹಾರನ್ನು ಒತ್ತಿದ, ಮೌನ. ಕ್ಯಾಮೆರಾದ ಪರದೆ ಕತ್ತಲು.

ಅವನು ತನ್ನ ಲೆಕ್ಕವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ, ತಪ್ಪಿರಲಿಲ್ಲ. ಪೆಟ್ಟಿಗೆಗಳ ಗಡಿಯಾರಗಳನ್ನು ಒಂದಕ್ಕೊಂದು ತಾಳೆ ನೋಡಿದ. ಎಲ್ಲವೂ ಒಂದೇ ಉಸಿರು. ಕೊನೆಗೆ ಅಳತೆಯ ಯಂತ್ರ ಸಿಕ್ಕಿಸಿ ಬಾಗಿಲುಗಳನ್ನೇ ನೋಡಿದ. ಒಂದೂ ಹೇಳಿದ ಹೊತ್ತಿಗೆ ತೆರೆಯುತ್ತಿರಲಿಲ್ಲ. ಎಲ್ಲವೂ ಮುಂಚೆಯೇ ತೆರೆದು, ಮುಂಚೆಯೇ ಮುಚ್ಚಿಕೊಳ್ಳುತ್ತಿದ್ದವು. ಮೊದಲ ಪೆಟ್ಟಿಗೆ ಒಂದು ಚಿಟಿಕೆ ಮುಂಚೆ, ಎರಡನೆಯದು ಅದಕ್ಕಿಂತ ಮುಂಚೆ, ಮೂರನೆಯದು ಅದಕ್ಕೂ ಮುಂಚೆ. ಸುದ್ದಿ ಒಂದು ಮನೆಯಿಂದ ಹೊರಟು ಇನ್ನೊಂದಕ್ಕೆ ಬರುವಷ್ಟರಲ್ಲಿ ಅಲ್ಲಿ ಕದ ಹಾಕಿ ದೀಪ ಆರಿಸಿ ಆಗಿರುತ್ತಿತ್ತು.

ಮೆರ್ಕ್ಲೆಗೆ ಅರ್ಥವಾಯಿತು. ಆ ಸೀಮೆಯಲ್ಲಿ ಹೇಳಿದ ಹೊತ್ತಿಗೆ ಬಂದವನನ್ನು ತಡವಾಗಿ ಬಂದವನೆಂದೇ ತಿಳಿಯುತ್ತಾರೆ. ಊಟಕ್ಕೆ ಕರೆದರೆ ಮೊದಲೇ ಬಂದು ಬೀದಿಯ ತಿರುವಿನಲ್ಲಿ ಹೂಗುಚ್ಛ ಹಿಡಿದು ನಿಂತಿರುತ್ತಾರೆ. ಮರ್ಯಾದಸ್ಥರು ತಮ್ಮ ಪೆಟ್ಟಿಗೆಗೂ ಅದೇ ಮರ್ಯಾದೆ ಕಲಿಸಿದ್ದರು.

ಮೊದಲು ಬ್ರೇಕಿನ ವಿಭಾಗದ ಬಿಟ್ಸರ್ ಹತ್ತಿರ ಹೋದ. ಬಿಟ್ಸರ್ ಅಂದರೆ ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸುವುದರಲ್ಲಿ ತನ್ನ ವಾರ ಸೋಮವಾರ ಶುರುವಾಗುತ್ತದೆಂದರೆ ಶನಿವಾರವೇ ಗುಡಿಸಿ, ಆ ವಾರದ ಸರದಿಯವರೊಡನೆ ಜಗಳ ತರುವ ಮನುಷ್ಯ. ಮೆರ್ಕ್ಲೆ ಆದಷ್ಟು ಮೆದುವಾಗಿ, ನಿಮ್ಮ ಬಾಗಿಲು ಸ್ವಲ್ಪ ಮುಂಚೆ ತೆರೆಯುತ್ತಿದೆ ಎಂದ.

"ಹೌದು, ಅದಕ್ಕೇನೀಗ?" ಎಂದರು ಬಿಟ್ಸರ್, ಹೊಗಳಿಕೆ ಕೇಳಿದವರ ಹಾಗೆ.

"ಹೇಳಿದ ಹೊತ್ತಿಗೇ ತೆರೀಲಿ ಅಂತ."

"ಅಂದ್ರೆ ಕೊನೇ ಗಳಿಗೇಲಿ ಬಾಗಿಲು ತೆಗೀಬೇಕಾ? ಬ್ರೇಕಿನ ಬಾಗಿಲು? ಮೂವತ್ತು ವರ್ಷ ಆಯ್ತು ನಾನು ಇಲ್ಲಿ ಸೇರಿ. ಲೇಟಾಗಿ ಬನ್ನಿ ಅಂತ ನನಗೆ ಇವತ್ತಿನವರೆಗೆ ಯಾರೂ ಹೇಳಿರ್ಲಿಲ್ಲ."

ಕ್ಯಾಮೆರಾ ವಿಭಾಗದ ಫ್ರಾವ್ ಕುರ್ತ್ಸ್ ಸಿಟ್ಟಾಗಲಿಲ್ಲ. ಬೆಣ್ಣೆ ಹಚ್ಚಿದ ಬ್ರೆತ್ಸೆಲ್ ರೊಟ್ಟಿಯನ್ನು ಮುರಿದು ಅರ್ಧ ಅವನ ಕೈಗಿಟ್ಟು, ಬಿಟ್ಸರ್ ಅವರ ಬಾಗಿಲು ಬೇಗ ತೆರೆಯುವುದು ತನಗೆ ಮೊದಲಿಂದ ಗೊತ್ತು, ತಾನು ಅವರ ನೆರೆಯಲ್ಲೇ ಇರುವುದರಿಂದ ಅವರಿಗಿಂತ ಹಿಂದೆ ಬಿದ್ದು ಮುಖ ತೋರಿಸುವುದು ಹೇಗೆ, ಅದಕ್ಕೇ ಇನ್ನಷ್ಟು ಬೇಗ ಇಟ್ಟಿದ್ದೇನೆ ಎಂದರು. ಹಾಡು ಹಾರನ್ನುಗಳ ಶ್ವಿಲ್ಲೆ ಒಂದು ಹೆಜ್ಜೆ ಮುಂದೆ ಹೋಗಿ, ಹಾಡಿನವರೆಂದರೆ ಸೋಮಾರಿಗಳೆಂಬ ಮಾತು ಕಾರ್ಖಾನೆಯಲ್ಲಿ ಮೊದಲೇ ಇದೆ, ನೀವೂ ಅದನ್ನೇ ಹೇಳಲು ಬಂದಿರಾ ಎಂದು ಕಣ್ಣಲ್ಲಿ ನೀರು ತಂದುಕೊಂಡ.

"ತಾಳ ಅಂದ್ಮೇಲೆ ಮುಂಚೆ ಹೊಡೆದ್ರೂ ತಪ್ಪೇ, ಶ್ವಿಲ್ಲೆ," ಎಂದು ಮೆರ್ಕ್ಲೆ ಬೇಡಿಕೊಂಡ.

"ಮುಂಚೆ ಹೊಡೆದವನನ್ನ ಯಾರಾದ್ರೂ ಕೆಲಸದಿಂದ ತೆಗೆದಿದ್ದಾರಾ, ಹೇಳಿ," ಎಂದ ಶ್ವಿಲ್ಲೆ.

ಮೆರ್ಕ್ಲೆ ತನ್ನ ಮೇಜಿಗೆ ಹಿಂದಿರುಗಿ ತಲೆಯ ಮೇಲೆ ಕೈ ಹೊತ್ತು ಕೂತ. ಹಳೆಯ ಶೆಡ್ಡಿನ ಹಿತ್ತಾಳೆ ಕಣ್ಣೆದುರಿಗೇ ಮಂಕಾಗುತ್ತಿತ್ತು. ಆಗ ಅವನಿಗೊಂದು ಪಾಪದ ಬುದ್ಧಿ ಹೊಳೆಯಿತು. ಇವರು ಎಷ್ಟೆಷ್ಟು ಮುಂಚೆ ಬರುತ್ತಾರೆಂದು ಯಂತ್ರ ಹೇಳಿಯೇ ಇದೆ. ಹೊತ್ತನ್ನೇ ಅಷ್ಟಷ್ಟು ತಡ ಮಾಡಿ ಹೇಳಿದರೆ? ಆರಕ್ಕೆ ಬೇಕಾದ ನೆಂಟರನ್ನು ಆರೂವರೆಗೆ ಕರೆದ ಹಾಗೆ. ಅವನು ಬಾಗಿಲು ಬಾಗಿಲಿಗೂ ಸುಳ್ಳು ಹೊತ್ತು ಹಾಕಿ, ಕೊನೆಯ ತಿದ್ದುಪಡಿ ಎಂದು ಮೂವರಿಗೂ ಕಳಿಸಿದ. ಮೂವರೂ ರೂಢಿಯ ಹಾಗೆ ತಮ್ಮ ಚಿಟಿಕೆ ಕಳೆದು ಪೆಟ್ಟಿಗೆಗೆ ಉಣಿಸಿದರು.

ಪೆಡಲು ಒತ್ತಿದ, ಕಾರು ಹೊರಟಿತು. ಬ್ರೇಕು ಒತ್ತಿದ, ನಿಂತಿತು. ಹಾರನ್ನು ಕೂಗಿತು, ಹಾಡು ಹಾಡಿತು, ಪರದೆಯ ಮೇಲೆ ಅಂಗಳದ ಮೂಲೆಯ ಕಸದ ಡಬ್ಬಿಗಳು, ಹಳದಿ, ನೀಲಿ, ಕಂದು, ಚಿತ್ರ ಬರೆದ ಹಾಗೆ ಮೂಡಿದವು. ಹಾಡುಗಾರ ಎತ್ತಿದ ಸಾಲು ಶ್ರುತಿಯ ಮೇಲೆ ಕೂತಾಗ ಆಗುವ ಸುಖ ಮೆರ್ಕ್ಲೆಗೆ ಆಯಿತು. ಅವನು ಕಣ್ಣು ಮುಚ್ಚಿ ದೇವರಿಗೊಂದು ನಮಸ್ಕಾರ ಹಾಕಿದ. ಸುಳ್ಳು ಹೇಳಿದ್ದಕ್ಕೆ ಕ್ಷಮೆಯನ್ನು ಸೋಮವಾರ, ಶೆಡ್ಡು ಸೇರಿದ ಮೇಲೆ ಕೇಳುವುದೆಂದುಕೊಂಡ.

ನಿರ್ದೇಶಕ ಡಾಕ್ಟರ್ ಹಾಗ್‌ಮೇಯರ್ ಮಧ್ಯಾಹ್ನಕ್ಕೆ ಬರುವುದೆಂದರೆ ಮಧ್ಯಾಹ್ನಕ್ಕೆ ಮುಂಚೆಯೇ ಬಂದರು. ಎತ್ತರದ ಆಳು, ಬಿಳಿಯ ಮೀಸೆ, ನಗುವೆಂಬುದನ್ನು ಬ್ಯಾಂಕಿನಲ್ಲಿಟ್ಟ ಹಾಗೆ ಖರ್ಚು ಮಾಡದ ಮುಖ. ಎಲ್ಲರೂ "ಮಾಲ್‌ತ್ಸೈಟ್" ಎಂದು ಊಟದ ಹೊತ್ತಿನ ನಮಸ್ಕಾರ ಹೇಳಿದರು. ಅವರು ಕಾರಿನಲ್ಲಿ ಕೂತು ಪೆಡಲು ಒತ್ತಿದರು. ಕಾರು ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಹೊರಟಿತು.



ಅಂಗಳದ ತುದಿಯಲ್ಲಿ ನಿರ್ದೇಶಕರು ಎಡಕ್ಕೆ ತಿರುಗಿದರು. ಅವರು ತಿರುಗಿ, ನೆಟ್ಟಗಾಗಿ, ಅರ್ಧ ದಾರಿ ಬಂದ ಮೇಲೆ ಎಡಗಡೆಯ ದೀಪ ಮಿಣುಕತೊಡಗಿತು. ಒಂದು ಪಾರಿವಾಳ ಅಡ್ಡ ಬಂದಿತೆಂದು ಹಾರನ್ನು ಒತ್ತಿದರು. ಪಾರಿವಾಳ ಹಾರಿ, ಮಾಡಿನ ಮೇಲೆ ಕೂತು, ರೆಕ್ಕೆ ಕೆದರಿಕೊಂಡ ಬಳಿಕ ಹಾರನ್ನು ಕೂಗಿತು.

ಬಿಟ್ಸರ್ ಬಂದು ಮೆರ್ಕ್ಲೆಯ ಪಕ್ಕದಲ್ಲಿ ನಿಂತರು. ಮುಖ ಸಣ್ಣದಾಗಿತ್ತು.

"ಬೆಳಿಗ್ಗೆ ನಾನು ಹಾಗೆ ಮಾತಾಡಬಾರದಿತ್ತು," ಎಂದರು ಪಿಸುದನಿಯಲ್ಲಿ. "ಮನಸ್ಸು ತಡೀಲಿಲ್ಲ. ಈಗ ತಾನೇ ನೀವು ಕೊಟ್ಟ ಹೊತ್ತನ್ನ ಇದ್ದ ಹಾಗೇ ಹಾಕಿಬಿಟ್ಟೆ. ಒಂದು ಕೂದಲೂ ಮುಂಚೆ ಇಲ್ಲ."

ಮೆರ್ಕ್ಲೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಪಕ್ಕದಲ್ಲಿ ಫ್ರಾವ್ ಕುರ್ತ್ಸ್ ನಿಂತಿದ್ದರು. ಬಿಟ್ಸರ್ ತಿದ್ದಿಕೊಂಡದ್ದನ್ನು ನೋಡಿ ತಾನೂ ತಿದ್ದಿಕೊಂಡೆನೆಂದು ಅವರು ಅವನ ತೋಳು ಮುಟ್ಟಿ ಹೇಳಿದರು. ಹಿಂದೆ ನಿಂತಿದ್ದ ಶ್ವಿಲ್ಲೆ ತಾನೂ ಹಾಗೆಯೇ ಎಂದು ತಲೆಯಾಡಿಸಿದ. ಅವನ ಕಣ್ಣಲ್ಲಿ ಮತ್ತೆ ನೀರಿತ್ತು.

ಮೆರ್ಕ್ಲೆಯ ಸುಳ್ಳನ್ನು ಮೂವರೂ ನಿಷ್ಠೆಯಿಂದ ಪಾಲಿಸಿದ್ದರು. ಈಗ ಪ್ರತಿ ಬಾಗಿಲೂ ತಡವಾಗಿ ತೆರೆಯುತ್ತಿತ್ತು. ಸುದ್ದಿಗಳು ಹೊಸ್ತಿಲು ಹೊಸ್ತಿಲಿನಲ್ಲೂ ಕಾದು, ಸಾಲುಗಟ್ಟಿ, ಸಾಲು ಬೆಳೆದು, ಕಾರು ಓಡಿದಷ್ಟೂ ಹಿಂದೆ ಬೀಳುತ್ತಿದ್ದವು.

ನಿರ್ದೇಶಕರು ನಿಲ್ಲಿಸಲೆಂದು ಬ್ರೇಕು ಒತ್ತಿದರು. ಪುಣ್ಯಕ್ಕೆ ಅವರು ನಡೆಯುವವನಷ್ಟೇ ಮೆಲ್ಲಗೆ ಬರುತ್ತಿದ್ದರು. ಕಾರು ನಿಲ್ಲಬೇಕಾದ ಗೆರೆಯನ್ನು ದಾಟಿತು, ಫ್ರಾವ್ ಟ್ರೌಟ್ವೈನ್ ಅವರನ್ನು ದಾಟಿತು, ಅಂಗಳದ ಮೂಲೆಗೆ ಹೋಗಿ ಹಳದಿ ಡಬ್ಬಿಯನ್ನು ನೀಲಿಯ ಮೇಲೂ ನೀಲಿಯನ್ನು ಕಂದಿನ ಮೇಲೂ ಒರಗಿಸಿ ನಿಂತಿತು. ಆಮೇಲೆ ಪರದೆ ಬೆಳಗಿ, ಮುಂದೆ ಅಡ್ಡಿ ಇದೆಯೆಂದು ಹೆಣ್ಣುದನಿಯೊಂದು ಎಚ್ಚರಿಸಿತು. ಅದೂ ಮುಗಿದ ಮೇಲೆ ಹಾಡು ಶುರುವಾಯಿತು.

ನಿರ್ದೇಶಕರು ಇಳಿಯಲಿಲ್ಲ. ಹಾಡು ಮುಗಿಯುವವರೆಗೆ ಕೂತೇ ಇದ್ದರು. ಫ್ರಾವ್ ಟ್ರೌಟ್ವೈನ್ ಮೆರ್ಕ್ಲೆಯ ಕಡೆ ನೋಡಿದ ನೋಟಕ್ಕೆ ಅವನು ಇದ್ದಲ್ಲೇ ಒಂದು ಮೊಳ ಗಿಡ್ಡನಾದ.

ಕಡೆಗೆ ಬಾಗಿಲು ತೆರೆಯಿತು. ನಿರ್ದೇಶಕರ ಮೀಸೆ ಅದುರುತ್ತಿತ್ತು. "ಇದನ್ನ ಮಾಡಿದ್ದು ಯಾರು?" ಎಂದು ಕೇಳಿದರು.

ಎಲ್ಲರೂ ಸರಿದರು. ಮೆರ್ಕ್ಲೆ ಒಬ್ಬನೇ ಉಳಿದ.

"ನಮ್ಮ ಅಜ್ಜನ ಕಾರು ಹೀಗೇ ಇತ್ತು," ಎಂದರು ನಿರ್ದೇಶಕರು. ಕಾರಿನ ಮೇಲೆ ಕೈಯಾಡಿಸಿದರು. "ಒತ್ತಿದ್ರೆ ಮೊದಲು ಯೋಚನೆ ಮಾಡೋದು, ಆಮೇಲೆ ಮನಸ್ಸು ಬಂದ್ರೆ ಹೊರಡೋದು. ಅದರಲ್ಲಿ ಒಂದು ಜೀವ ಇತ್ತು ಕಣ್ರೀ. ಈಗಿನ ಕಾರುಗಳು ಆಳುಗಳ ಹಾಗೆ, ಹೇಳೋಕೆ ಮುಂಚೆ ಓಡ್ತವೆ. ಟ್ರೌಟ್ವೈನ್, ಈ ಮನುಷ್ಯನನ್ನ ಇಲ್ಲಿ ಯಾಕೆ ಕೂರಿಸಿಕೊಂಡಿದ್ದೀರಿ? ಇವರು ಇರಬೇಕಾದ್ದು ಹಳೇ ಕಾರುಗಳ ಹತ್ರ. ನಡೀರಿ, ಈಗಲೇ ಹೋಗೋಣ."

ಅಂಗಳ ದಾಟುವಾಗ ಮೆರ್ಕ್ಲೆಯ ಕಾಲು ನೆಲಕ್ಕೆ ತಾಗಲಿಲ್ಲ. ಮಿಕ್ಕವರೆಲ್ಲ ಹಿಂದೆಯೇ ಬಂದರು. ಶೆಡ್ಡಿನ ಒಳಗೆ ಅದೇ ಎಣ್ಣೆಯ ವಾಸನೆ. ಅದರ ಉಸ್ತುವಾರಿಯ ಗೈಸರ್ ಎಂಬ ಮುದುಕರು ಬಟ್ಟೆಯಲ್ಲಿ ಕೈ ಒರೆಸುತ್ತ ಎದ್ದು ಬಂದರು. ನಡುವೆ ಕಡುಗೆಂಪಿನ ಒಂದು ಕಾರು, ಕಾರ್ಖಾನೆಯ ಚೊಚ್ಚಲ ಕೂಸುಗಳಲ್ಲಿ ಒಂದು, ಕಲ್ಯಾಣಮಂಟಪದ ಮದುಮಗಳ ಹಾಗೆ ಕೂತಿತ್ತು. ಮೆರ್ಕ್ಲೆ ಮಡಗಾರ್ಡಿನ ಮೇಲೆ ಕೈಯಿಟ್ಟ.

ಗೈಸರ್ ಮುಂದಿನ ಹಿಡಿ ತಿರುಗಿಸಿ ಎಂಜಿನ್ನು ಶುರುಮಾಡಿದರು. ನಿರ್ದೇಶಕರು ಹತ್ತಿ ಕೂತು ಪೆಡಲು ಒತ್ತಿದರು. ಎಂಜಿನ್ನು ತಕ್ಷಣ ಗರ್ಜಿಸಿತು. ಅವರು ಬೆಚ್ಚಿ ಕಾಲು ತೆಗೆದರು, ತಕ್ಷಣ ದನಿ ಇಳಿಯಿತು. ಹಾರನ್ನಿನ ರಬ್ಬರು ಬುರುಡೆಯನ್ನು ಹಿಸುಕಿದರು. ಬೆರಳು ಮಡಿಸುವುದಕ್ಕೂ "ಪೋಂ" ಎನ್ನುವುದಕ್ಕೂ ನಡುವೆ ಎಳ್ಳಷ್ಟೂ ಸಂದಿರಲಿಲ್ಲ.

"ದಿನಾ ಎಣ್ಣೆ ಬಿಡ್ತೀನಿ ಸ್ವಾಮೀ," ಎಂದರು ಗೈಸರ್ ಹೆಮ್ಮೆಯಿಂದ. "ಹೇಳಿದ್ದನ್ನ ಹೇಳಿದ ಗಳಿಗೇಲಿ ಮಾಡುತ್ತೆ. ನಿಮ್ಮ ಅಜ್ಜನವರ ಗಾಡಿಗೆ ಅವರು ಎಣ್ಣೆ ಬಿಡ್ತಿರಲಿಲ್ಲ ಅಂತ ಕಾಣುತ್ತೆ."

ನಿರ್ದೇಶಕರ ಮುಖ ಮೊದಲಿನ ಹಾಗೆ ಬಿಗಿಯಾಯಿತು. ಅವರು ಇಳಿದು, ಕಾರನ್ನು ಒಂದು ಸುತ್ತು ಬಂದು, ತಲೆ ಅಲ್ಲಾಡಿಸಿದರು.

"ಇದರಲ್ಲಿ ಹಳೇತನವೇ ಇಲ್ಲ. ಮೆರ್ಕ್ಲೆಯವರೇ, ನೀವು ಬಂದಿದ್ದು ಒಳ್ಳೇದಾಯ್ತು. ನಿಮ್ಮ ಪೆಟ್ಟಿಗೆಗಳನ್ನ ಇದಕ್ಕೆ ಕೂರಿಸಿ. ಇಲ್ಲಿರೋ ಎಲ್ಲದಕ್ಕೂ. ನಿಮಗೆ ಯಾರು ಬೇಕೋ ಅವರನ್ನೆಲ್ಲ ಜೊತೆಗೆ ಕರಕೊಳ್ಳಿ."

ಬಿಟ್ಸರ್ ಆಗಲೇ ಅಂಗಿಯ ತೋಳು ಮಡಿಸಿದ್ದರು. ಫ್ರಾವ್ ಕುರ್ತ್ಸ್ ದೀಪಗಳ ನಡುವೆ ಕ್ಯಾಮೆರಾಕ್ಕೆ ಜಾಗ ಹುಡುಕುತ್ತಿದ್ದರು. ಗೈಸರ್ ಮಾತ್ರ ಕಾರಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಅಡ್ಡ ನಿಂತಿದ್ದರು. ಅವರನ್ನು ಇಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದರು.

ಮೆರ್ಕ್ಲೆ ಉಜ್ಜುವ ಬಟ್ಟೆಯೊಂದನ್ನು ತೆಗೆದುಕೊಂಡು, ಗೀಚು ಬೀಳದ ಹಾಗೆ ಕಡುಗೆಂಪು ಬಾನೆಟ್ಟಿನ ಮೇಲೆ ಹಾಸಿದ. ಅದರ ಮೇಲೆ ಲ್ಯಾಪ್‌ಟಾಪು ಇಟ್ಟು ತೆರೆದ. ಶ್ವಿಲ್ಲೆ ರಬ್ಬರು ಬುರುಡೆಯ ಪಕ್ಕದಲ್ಲಿ ಅಣಿಯಾಗಿ ನಿಂತು ಕೇಳಿದ:

"ನಾನು ಹಿಸುಕಿದ ಎಷ್ಟು ಹೊತ್ತಿನ ಮೇಲೆ ಇದು ಕೂಗಬೇಕು, ಹೇಳಿ. ಈ ಸಲ ನೀವು ಹೇಳಿದ ಹಾಗೇ ಮಾಡ್ತೀನಿ."