ಕೋಳಿಯ ಹೊಟ್ಟೆ, ಅತ್ತೆಯ ಹಟ

ನಾನು ಊಟ ಮಾಡಿದೆನೋ ಇಲ್ಲವೋ ಎನ್ನುವುದಕ್ಕಿಂತ ಬೆಂಗಳೂರಿನ ಸುತ್ತಮುತ್ತಲ ಕೋಳಿಗಳಿಗೆ ತಿಂದದ್ದು ಜೀರ್ಣವಾಯಿತೋ ಇಲ್ಲವೋ ಎಂಬ ಚಿಂತೆಯೇ ನನ್ನ ಸೋದರತ್ತೆಗೆ ದೊಡ್ಡದು! ಹಾಗಂತ ಅವರೇನು ಕೋಳಿ ತಿನ್ನುವವರೇ? ಮೊಟ್ಟೆ ಹಾಕಿದ ಕೇಕಿನ ಡಬ್ಬಿಯನ್ನೂ ಮುಟ್ಟದ ಅಪ್ಪಟ ಸಸ್ಯಾಹಾರಿ. ಮಾವ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಕೋಳಿ ಆಹಾರದ ಅಂಗಡಿ ಅವರ ಪಾಲಿಗೆ ಬಂತು. ನಾವು ಇಡ್ಲಿ ತಿನ್ನುವಾಗ ಕೋಳಿ ಹಿಕ್ಕೆಯ ಬಣ್ಣ ವರ್ಣಿಸುವ ಅಭ್ಯಾಸವೂ ಜೊತೆಗೇ ಬಂತು.

ಒಂದು ದಿನ ಇದ್ದಕ್ಕಿದ್ದಂತೆ ಆಂಟಿಬಯೋಟಿಕ್ ಬೆರೆಸಿದ ಆಹಾರ ಮಾರುವುದನ್ನೇ ನಿಲ್ಲಿಸಿಬಿಟ್ಟರು.

"ಜ್ವರ ಇಲ್ದಿರೋ ಮಗೂಗೆ ದಿನಾ ಯಾರಾದ್ರೂ ಜ್ವರದ ಔಷಧಿ ಕುಡಿಸ್ತಾರೇನೋ? ಆಮೇಲೆ ನಿಜವಾಗ್ಲೂ ಕಾಯಿಲೆ ಬಂದಾಗ ಯಾವ್ದೂ ನಾಟಲ್ಲ!"

ಬದಲಿಗೆ ಪ್ರೋಬಯೋಟಿಕ್ ಪುಡಿ ಬಂತು. ಇದೇನೆಂದು ಕೇಳಿದ ಗಿರಾಕಿಗೆ, "ಮೊಸರಲ್ಲಿರುತ್ತಲ್ಲ, ಅಂಥ ಒಳ್ಳೇ ಸೂಕ್ಷ್ಮಜೀವಿ ಕಣಪ್ಪ. ಹೊಟ್ಟೆ ಕಾಯುತ್ತೆ" ಎಂದರು.

"ಹಂಗಾದ್ರೆ ಮೊಸರನ್ನಾನೇ ಹಾಕ್ಬಿಡ್ಲಾ ಅಮ್ಮ?"

"ಹಾಕು, ಒಗ್ಗರಣೆ ಮಾತ್ರ ಬೇಡ!"

ಅವನು ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ.

ಹೊಸಕೋಟೆ ಕಡೆ ಸಣ್ಣ ಶೆಡ್ಡಿನಲ್ಲಿ ಕೋಳಿ ಸಾಕುತ್ತಿದ್ದ ಒಬ್ಬ ಹೆಂಗಸು ಮಾತ್ರ ಅತ್ತೆಯನ್ನು ಪೂರ್ತಿ ನಂಬಿದರು. ಎರಡು ಬ್ಯಾಚು ಕೋಳಿಮರಿಗಳು ಚೆನ್ನಾಗಿ ಬೆಳೆದವು. ಅತ್ತೆಯ ಜಂಬ ಕೇಳಬೇಕೆ! ನೆಂಟರ ಮದುವೆಯಲ್ಲೂ ಆ ಕೋಳಿಗಳ ಫೋಟೋ ತೋರಿಸಿದರು.

ಮೂರನೆಯ ಬ್ಯಾಚಿಗೆ ರೋಗ ಬಿತ್ತು. ಫೋನ್ ಬಂದ ಕೂಡಲೇ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅರ್ಧಕ್ಕರ್ಧ ಕೋಳಿಗಳು ಸತ್ತುಬಿದ್ದಿದ್ದವು. ಉಳಿದವಕ್ಕೆ ಪಶುವೈದ್ಯರು ಔಷಧಿ ಕೊಡುತ್ತಿದ್ದರು.

"ಪುಡಿಯದೇನೂ ತಪ್ಪಿಲ್ಲ. ಆದ್ರೆ ಈ ರೋಗಕ್ಕೆ ಆಂಟಿಬಯೋಟಿಕ್ ಬೇಕೇ ಬೇಕಿತ್ತು. ಎರಡು ದಿನ ತಡ ಆಯ್ತು" ಎಂದರು.

"ಯಾಕಮ್ಮಾ, ಡಾಕ್ಟ್ರನ್ನ ಮೊದ್ಲೇ ಕರೀಲಿಲ್ಲ?" ಅತ್ತೆ ಆ ಹೆಂಗಸನ್ನು ಕೇಳಿದರು.

ಆಕೆ ತಲೆ ತಗ್ಗಿಸಿದರು. "ಔಷಧಿ ಹಾಕಿದ್ರೆ ನೀವು ಬೈತೀರೇನೋ ಅಂತ..."

ಅತ್ತೆ ಶೆಡ್ಡಿನ ಬಾಗಿಲಲ್ಲೇ ಕುಳಿತರು. ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದ ಒಂದು ಕೋಳಿಯನ್ನು ಮಡಿಲಿಗೆ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅದು ತಣ್ಣಗಾಯಿತು. ಆದರೂ ಕೆಳಗಿಡಲಿಲ್ಲ.

ವಾಪಸು ಬರುವಾಗ ಚಾಮರಾಜಪೇಟೆಯ ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ಕೇಳಿದರು: "ನನ್ನ ಕಂಡ್ರೆ ಜನ ಹೆದ್ರುಕೊಳ್ತಾರೇನೋ?"

ಬೇರೆ ದಿನವಾಗಿದ್ದರೆ ಎಷ್ಟು ಗೇಲಿ ಮಾಡುತ್ತಿದ್ದೆನೋ! "ಇಲ್ಲ ಅತ್ತೆ" ಎಂದು ಸುಳ್ಳು ಹೇಳಿದೆ.

ಕೆಲವು ವಾರಗಳ ನಂತರ ಆ ಹೆಂಗಸು ಮತ್ತೆ ಅದೇ ಪುಡಿ ಕೇಳಿಕೊಂಡು ಅಂಗಡಿಗೆ ಬಂದರು. ಪೊಟ್ಟಣ ಕೊಡುವ ಮೊದಲು ಅತ್ತೆ ಆಕೆಯ ಎರಡೂ ಕೈ ಹಿಡಿದುಕೊಂಡರು.

"ಕಾಯಿಲೆ ಕಂಡ್ರೆ ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಮ್ಮ. ನಂಗೆ ಹೇಳ್ದೇ ಇದ್ರೂ ಪರ್ವಾಗಿಲ್ಲ."