ಉಡವೂ ದಾಸವಾಳವೂ

ಉಡದ ಬಗ್ಗೆ ಬಾಲ್ಯದಲ್ಲಿ ಕೇಳಿದ ಕಥೆಯನ್ನು ನಾನು ಆಗಲೂ ಪೂರ್ತಿ ನಂಬಿರಲಿಲ್ಲ. ಆದರೆ ಸಿದ್ದಾಪುರದಲ್ಲಿ ಹುಟ್ಟಿ, ಯಲ್ಲಾಪುರದಲ್ಲಿ ಪಾಠ ಹೇಳಿ, ಶಿರಸಿಯಲ್ಲಿ ಮನೆ ಮಾಡಿದರೂ ಉಡ ನನ್ನನ್ನು ಬಿಟ್ಟಿಲ್ಲ. ಬಂದಾಗಲೆಲ್ಲ ದಾಸವಾಳವನ್ನೂ ಜೊತೆಗೆ ತರುತ್ತದೆ.

ಕಳ್ಳನ ಹಗ್ಗ

ಅಜ್ಜಿಯ ಪ್ರಕಾರ, ಹಿಂದಿನ ಕಳ್ಳರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಗೋಡೆಯ ಮೇಲಕ್ಕೆ ಎಸೆದು, ಅದೇ ಹಗ್ಗ ಹಿಡಿದು ಹತ್ತುತ್ತಿದ್ದರು.

"ದಾಸವಾಳದ ಕೋಲು ಊರಿದಲ್ಲಿ ಬೇರು ಬಿಡ್ತು, ಉಡ ಎಸೆದಲ್ಲಿ ಉಗುರು ಊರ್ತು, ಕೂಸೇ."

"ಮತ್ತೆ ಅದನ್ನ ಗೋಡೆಯಿಂದ ಬಿಡಸದು ಹೆಂಗೆ ಅಜ್ಜಿ?"

ಅಜ್ಜಿ ಗಂಭೀರವಾಗಿ ಯೋಚಿಸಿ ಹೇಳಿದರು: "ಇಷ್ಟೆಲ್ಲ ಕೇಳುವವಕ್ಕೆ ಕಳ್ಳತನ ಬತ್ತಿಲ್ಲೆ."

ಮುಖ್ಯ ವ್ಯತ್ಯಾಸ

ಯಲ್ಲಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಗ, ಅಪರೂಪವಾಗುತ್ತಿರುವ ಉಡಕ್ಕೂ ಎಲ್ಲೆಡೆ ಬೆಳೆಯುವ ದಾಸವಾಳಕ್ಕೂ ಇರುವ ಮುಖ್ಯ ವ್ಯತ್ಯಾಸ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು.

"ದಾಸವಾಳ ಕಿತ್ತರೆ ಪುಣ್ಯ, ಉಡ ಹಿಡಿದರೆ ಜೈಲು, ಮೇಡಂ."

ಉತ್ತರದಲ್ಲಿ ತಪ್ಪು ಹುಡುಕಲು ಗಂಟೆ ಬಾರಿಸುವವರೆಗೂ ಪ್ರಯತ್ನಿಸಿದೆ. ಸಿಗಲಿಲ್ಲ.

ಬೇಲಿಯ ಅತಿಥಿ

ಶಿರಸಿಯಲ್ಲಿ ನಮಗೂ ಪಕ್ಕದ ಮನೆಗೂ ನಡುವೆ ದಾಸವಾಳದ ಬೇಲಿ. ಆ ಮನೆಯ ನಿವೃತ್ತ ಮೇಷ್ಟ್ರು ಬೆಳಿಗ್ಗೆ ಅದರಿಂದಲೇ ಪೂಜೆಗೆ ಹೂ ಕೊಯ್ಯುತ್ತಿದ್ದರು. ನಮ್ಮ ಕಡೆಯದನ್ನು ಮೊದಲು, ತಮ್ಮ ಕಡೆಯದನ್ನು ನಾಳೆಗೆ. ಒಂದು ದಿನ ಬೇಲಿಯ ಬುಡದಲ್ಲಿ ಉಡವೊಂದು ಬಿಡಾರ ಹೂಡಿತು. ಮೇಷ್ಟ್ರು ಆ ಕಡೆ ಸುಳಿಯುವುದನ್ನೇ ಬಿಟ್ಟರು. ಅವರ ಪತ್ನಿ ಮಾತ್ರ ಹೆದರುವವರಲ್ಲ.

"ಉಡ ಮನೆ ಹೊಕ್ರೆ ಮನೆ ಹಾಳಾಗ್ತಡ, ತಂಗಿ! ನಾಳೆ ಆಳು ಕರೆಸಿ ಹೊಡೆಸ್ತೆ."

ಕಾನೂನು ಹೇಳಿದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಜ್ಞಾನ ಹೇಳಿದೆ, ಆಕಳಿಸಿದರು. ಉಡದ ಜೀವ ಉಳಿಯಬೇಕಾದರೆ ಬೇರೆ ದಾರಿ ಕಾಣದೆ, "ದಾಸವಾಳ ತಿನ್ನೋ ಉಡ ಮನೆ ಕಾಯ್ತಡ, ಅಕ್ಕಾ" ಎಂದೆ.

"ಹೌದಾ! ಯಾರು ಹೇಳಿದ್ದು?"

"ಹಳಬರು."

ಅಷ್ಟು ಸಾಕಾಯಿತು. ಮರುದಿನದಿಂದ ಅಕ್ಕ ನಸುಕಿನಲ್ಲೇ ಹೂ ಕೊಯ್ದು, ಬಾಳೆಲೆಯ ಮೇಲಿಟ್ಟು, ತಮ್ಮ ಅಂಗಳದ ಕಟ್ಟೆಯ ಮೇಲೆ ಉಡಕ್ಕೆ ಒಪ್ಪಿಸತೊಡಗಿದರು. ಬೆಳಕು ಹರಿಯುವಷ್ಟರಲ್ಲಿ ಎಲೆ ಖಾಲಿ!

"ಒಂದು ಎಸಳೂ ಬಿಡ್ತಿಲ್ಲೆ, ನೋಡು!" ಎಂದು ಅವರು ಬೀಗಿದರೆ, ನಾನು ಬೆವರಿದೆ. ಉಡ ಹುಳು, ಇಲಿ, ಮೊಟ್ಟೆ ತಿನ್ನುವ ಪ್ರಾಣಿಯೆಂದು ನಾನೇ ಕಲಿಸಿದವಳು. ಕಲಿಸಿದ್ದು ತಪ್ಪೇ?

ಮರುದಿನ ಬೇಗನೆದ್ದು ಕಿಟಕಿಯ ಬಳಿ ಕುಳಿತೆ. ಅಕ್ಕ ಹೂವಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಟ್ಟೆಯ ಬಳಿ ಏನೋ ಸದ್ದಾಯಿತು.

ಅಕ್ಕನಿಗೆ ನಾನು ಇಂದಿಗೂ ಹೇಳಿಲ್ಲ, ಹೇಳಿದರೆ ಉಡಕ್ಕೆ ಉಳಿಗಾಲವಿಲ್ಲ. ಆದರೆ ಸ್ವತಃ ಪರಿಶೀಲಿಸಿದ ಸತ್ಯ ಇದು: ದಾಸವಾಳ ಖಾಲಿ ಮಾಡುತ್ತಿದ್ದ ಪ್ರಾಣಿ ಮಡಿಪಂಚೆ ಉಟ್ಟು, ಕೈಯಲ್ಲಿ ಹೂಬುಟ್ಟಿ ಹಿಡಿದಿತ್ತು.