ಇಂಜಿನ್ನಿಗೆ ಒಂದೆಳೆ ಪಾಕ

ಹೆಂಡತಿ ಮಾತು ಕೇಳುವುದಿಲ್ಲ ಎಂಬುದಕ್ಕೆ ಕೋದಂಡಪ್ಪ ಇಪ್ಪತ್ತು ವರ್ಷದಿಂದ ಒಗ್ಗಿಹೋಗಿದ್ದ. ಆದರೆ ಆ ವರ್ಷ (ಅರವತ್ತೊಂದೋ ಅರವತ್ತೆರಡೋ ಇರಬೇಕು) ಡಿಸೆಂಬರ್ ಚಳಿ ಹಿಡಿದ ಮೇಲೆ ಬಾವಿಯ ಮೇಲಿನ ಇಂಜಿನ್ನೂ ಮಾತು ಕೇಳುವುದನ್ನು ಬಿಟ್ಟಿತು. ಹೆಂಡತಿಯಾದರೆ ಬೈದಾದರೂ ಉತ್ತರ ಕೊಡುತ್ತಾಳೆ. ಇಂಜಿನ್ ಅಷ್ಟೂ ಮರ್ಯಾದೆ ಕೊಡುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ಜೋತುಬಿದ್ದರೆ ಒಮ್ಮೆ 'ಡುಬ್' ಎನ್ನುತ್ತಿತ್ತು. ಬೀಡಿ ಸೇದಿದವರಂತೆ ಒಂದು ಗುಟುಕು ಹೊಗೆ ಬಿಟ್ಟು ಮತ್ತೆ ಮಲಗುತ್ತಿತ್ತು.

ಊರು ಬೇತಮಂಗಲದ ಪಕ್ಕದ್ದು. ಬಾವಿ ಅಣ್ಣತಮ್ಮಂದಿರಿಬ್ಬರ ಪಾಲಿನದು, ಐದು ಕುದುರೆ ಬಲದ ಡೀಸೆಲ್ ಇಂಜಿನ್ನೂ ಇಬ್ಬರದು. ಬೆಳಗಿನ ಐದರಿಂದ ಎಂಟರವರೆಗೆ ಅಣ್ಣ ಕೋದಂಡಪ್ಪನ ಸರದಿ. ಎಂಟರಿಂದ ಬಾವಿ ಬತ್ತುವವರೆಗೆ ತಮ್ಮ ಬಚ್ಚಪ್ಪನ ಸರದಿ. "ಮೊದಲ್ನೀರು ದೊಡ್ಡೋನಿಗೆ" ಎಂದು ಬೇಸಿಗೆಯಲ್ಲಿ ನಾಲ್ಕು ಜನರ ಮುಂದೆ ಕೂತು ಈ ಏರ್ಪಾಡು ಮಾಡಿಸಿಕೊಂಡವನು ಕೋದಂಡಪ್ಪನೇ. ಬೇಸಿಗೆಯಲ್ಲಿ ಐದು ಗಂಟೆ ಎಂಬುದು ಎಷ್ಟು ಹಿತವಾದ ಹೊತ್ತು. ಅದೇ ಐದು ಗಂಟೆಗೆ ಡಿಸೆಂಬರಿನಲ್ಲಿ ಬೇರೆಯೇ ಮುಖವಿದೆ ಎಂದು ಆಗ ಯಾರೂ ಎಚ್ಚರಿಸಲಿಲ್ಲ.

ಎಂಟಕ್ಕೆ ಸರಿಯಾಗಿ ರಾಬರ್ಟ್‌ಸನ್‌ಪೇಟೆಯ ಬಸ್ಸು ಹಾರನ್ ಹೊಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಇಂಜಿನ್ನಿನ ಬೆನ್ನಿಗೆ ಗಂಟೆಗೂ ಮೇಲಾಗಿ ಬಿಸಿಲು ಬಿದ್ದಿರುತ್ತಿತ್ತು. ಬಚ್ಚಪ್ಪ ಬೇವಿನ ಕಡ್ಡಿ ಕಚ್ಚಿಕೊಂಡೇ ಬಂದು ಎರಡು ಸುತ್ತು ತಿರುಗಿಸಿದರೆ ಸಾಕು, ಇಂಜಿನ್ ಡುಬುಡುಬು ಎಂದು ಸಂಸಾರಸ್ಥನ ಹಾಗೆ ಕೆಲಸಕ್ಕೆ ನಿಲ್ಲುತ್ತಿತ್ತು.

"ನಿನ್ ಮೇಲೇನೋ ಮುನಿಸು ಕಣಣ್ಣ ಇದುಕ್ಕೆ" ಎನ್ನುತ್ತಿದ್ದ ಬಚ್ಚಪ್ಪ. "ಬೇಕಾದ್ರೆ ನನ್ ಸರದೀಲಿ ಒಂದರ್ಧ ಗಂಟೆ ನೀರು ತಿರುಗಿಸ್ಕೋ."

"ನನ್ ನೀರು ನಾನು ತಗೋತೀನಿ. ನೀನು ನಿನ್ನ ಹಲ್ಲುಜ್ಜು."

ಹೀಗೆ ಅಂದು ಮನೆಗೆ ಬಂದರೆ ಅಲ್ಲಿ ಅಕ್ಕಯ್ಯಮ್ಮ ಕಾದಿರುತ್ತಿದ್ದಳು. (ಹೆಂಡತಿಯನ್ನು ಹೆಸರು ಹಿಡಿದು ಕೂಗಿದರೆ ಅಕ್ಕನನ್ನು ಕೂಗಿದ ಹಾಗಾಗುತ್ತದೆಂದು ಕೋದಂಡಪ್ಪ 'ಲೇ' ಎಂಬ ಒಂದಕ್ಷರದಲ್ಲೇ ಸಂಸಾರ ಸಾಗಿಸಿದ್ದ.)

"ಇವತ್ತೂ ಇಲ್ವಾ?" ಎಂದಳು ಅವಳು.

"ಚಳಿ ಕಣೆ."

"ಚಳಿ ನಂಗೂ ಐತೆ. ಹಗ್ಗದಲ್ಲಿ ಸೇದಿ, ಬಿಂದಿಗೇಲಿ ಒತ್ತು ಒತ್ತು ಸೊಂಟ ಬಿದ್ದೋಯ್ತು. ಅರ್ಧ ಎಕರೆ ಕೋಸಿಗೆ ಬಿಂದಿಗೇಲಿ ನೀರು ಆಕೋರುಂಟಾ? ಕಿಸ್‌ಮಸ್ಸಿಗೆ ಇನ್ನ ಇಪ್ಪತ್ತೇ ದಿನ. ಒಂದೊಂದು ಕೋಸು ನನ್ನ ಮುಷ್ಟಿಯಷ್ಟೂ ಆಗಿಲ್ಲ. ಬಚ್ಚಪ್ಪನತ್ರ ಏಳಿ ಸರದಿ ಬದ್ಲಾಯಿಸ್ಕೊಳ್ಳಿ."

"ಮೊದಲ್ನೀರು ಕೇಳಿದ ಬಾಯಲ್ಲಿ ಎರಡ್ನೇ ನೀರು ಕೇಳಾಕಾಯ್ತದಾ?"

ವಿಷಯ ಇದ್ದದ್ದು ಇಷ್ಟೇ. ಕ್ರಿಸ್ಮಸ್ ಹತ್ತಿರ ಬಂದರೆ ಚಿನ್ನದ ಗಣಿಯ ಕ್ವಾರ್ಟರ್ಸುಗಳಿಗೆಲ್ಲ ಕೋಸು ಬೇಕು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಹಬ್ಬ ದಾಟಿತೋ, ಅದನ್ನು ದನವೂ ಮೂಸುವುದಿಲ್ಲ. ಕೋಸು ದಪ್ಪಗಾಗಬೇಕು, ಅದಕ್ಕೆ ನೀರು ಬೇಕು, ನೀರಿಗೆ ಇಂಜಿನ್ ಎದ್ದೇಳಬೇಕು. ತಮ್ಮನ ಮುಂದೆ ತಲೆ ಬಾಗದೆ ಇದೆಲ್ಲ ಆಗಬೇಕು ಎಂಬುದು ಕೋದಂಡಪ್ಪ ಒಳಗೊಳಗೆ ಸೇರಿಸಿಕೊಂಡಿದ್ದ ಷರತ್ತು.

ಅವನು ರಾಬರ್ಟ್‌ಸನ್‌ಪೇಟೆಗೆ ಹೋಗಿ ತನ್ನ ಸ್ನೇಹಿತ ಪೆರುಮಾಳನನ್ನು ಹಿಡಿದ. ಪೆರುಮಾಳ್ ಊರಿಗಾಂ ಗಣಿಯಲ್ಲಿ ಫಿಟ್ಟರು. ಭೂಮಿಯಿಂದ ಕೆಳಗೆ ಮೈಲಿಗಟ್ಟಲೆ ಇಳಿದು ಪಂಪು ರಿಪೇರಿ ಮಾಡುವವನು. ಅಂಥವನಿಗೆ ಬಾವಿಯ ದಡದ ಇಂಜಿನ್ ಯಾವ ಲೆಕ್ಕ?

"ಆಯಿಲ್ ಎಷ್ಟು ನಂಬರು ಹಾಕಿದೀಯ ಅಣ್ಣೇ?"

"ಬೇಸಿಗೇಲಿ ಇಂಜಿನ್ ಕೂರಿಸಿದೋರು ನಲವತ್ತು ಆಕಿದ್ರು."

ಪೆರುಮಾಳ್ ನಕ್ಕ. "ನಲವತ್ತಾ? ನಮ್ಮ ಪಂಪಿಗೆ ಐವತ್ತು. ಹಗಲೂ ರಾತ್ರಿ ಓಡ್ತದೆ, ಒಂದು ದಿನ ಸ್ಟಾರ್ಟ್ ಆಗಿಲ್ಲ ಅಂತ ಇಲ್ಲ. ಎಣ್ಣೆ ದಪ್ಪ ಇರಬೇಕು."

ಕೋದಂಡಪ್ಪನಿಗೆ ಬೆಳಕು ಕಂಡಂತಾಯಿತು. ಚಳಿಗೆ ಮನುಷ್ಯ ತೆಳ್ಳನೆಯ ಮಲ್ಲು ಪಂಚೆ ಹೊದೆಯುತ್ತಾನೆಯೇ, ಕಂಬಳಿಯನ್ನಲ್ಲವೇ? ಅದೇ ನ್ಯಾಯ ಇಂಜಿನ್ನಿಗೂ. ನೆಟ್ಟಗೆ ಪೇಟೆಯಲ್ಲಿ ಇಂಜಿನ್ ಎಣ್ಣೆ ಮಾರುವ ಆದಿನಾರಾಯಣನ ಅಂಗಡಿಗೆ ಹೋಗಿ ಗತ್ತಿನಿಂದ "ಐವತ್ತು ನಂಬರು" ಎಂದ. ಆದಿನಾರಾಯಣ ಏನೋ ಹೇಳಲು ಬಾಯಿ ತೆರೆದ. ಗಿರಾಕಿಯ ಗತ್ತು ನೋಡಿ ಬಾಯಿ ಮುಚ್ಚಿ ಡಬ್ಬ ತೆರೆದ.

ಮಾರನೆಯ ಬೆಳಿಗ್ಗೆ, ಹಳೆಯ ಎಣ್ಣೆ ಸುರಿಸಿ ಹೊಸದನ್ನು ತುಂಬಿದ್ದ ಇಂಜಿನ್ನಿನ ಮುಂದೆ ಕೋದಂಡಪ್ಪ ಊದುಬತ್ತಿ ಹಚ್ಚಿ, ಹ್ಯಾಂಡಲ್ಲಿಗೆ ಕೈ ಹಾಕಿದ. ನಿನ್ನೆಯವರೆಗೆ ಅದು ಕಷ್ಟಪಟ್ಟಾದರೂ ಸುತ್ತುತ್ತಿತ್ತು. ಇವತ್ತು ಗೋಡೆಗೆ ಹೊಡೆದ ಗೂಟದ ಹಾಗೆ ನಿಂತಿತು. ಎರಡೂ ಕೈ ಹಾಕಿದ. ಕಾಲು ಕೊಟ್ಟ. ಕೊನೆಗೆ ಪೂರ್ತಿ ಮೈಭಾರ ಬಿಟ್ಟು ನೇತಾಡಿದ. ಹ್ಯಾಂಡಲ್ ನಿಧಾನವಾಗಿ, ಬಹಳ ಗೌರವದಿಂದ, ಅವನನ್ನು ನೆಲದ ಮೇಲೆ ಕೂರಿಸಿತು.

ಬಿಂದಿಗೆ ಹಿಡಿದು ಬಂದ ಅಕ್ಕಯ್ಯಮ್ಮ ಇದನ್ನು ಪೂರ್ತಿ ನೋಡಿದಳು. ಬಿಂದಿಗೆ ಕೆಳಗಿಟ್ಟು ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಕೆಳಮುಖವಾಗಿ ಹಿಡಿದಳು. ತುದಿಯಲ್ಲಿ ಒಂದು ತೊಟ್ಟು ಕೂತಿತ್ತು, ಬೀಳುವ ಯೋಚನೆಯೇ ಅದಕ್ಕಿರಲಿಲ್ಲ. ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒಮ್ಮೆ ಒತ್ತಿ ಬಿಡಿಸಿದಳು.

"ಏನಿದು?"

"ಐವತ್ತು ನಂಬರು. ನಿಂಗೆ ತಿಳಿಯಲ್ಲ."

"ನಂಬರು ತಿಳಿಯಲ್ಲ, ಪಾಕ ತಿಳೀತದೆ. ಇದು ಉಂಡೆ ಪಾಕ. ಎರಡು ಸೇರು ಕಡ್ಲೆಬೀಜ ಸುರುದ್ರೆ ಈಗ್ಲೇ ಉಂಡೆ ಕಟ್ಟಬೋದು. ಇದರೊಳಗೆ ಆ ಕಬ್ಬಿಣ ಎಂಗೆ ತಿರುಗ್ಬೇಕು ಪಾಪ?"

"ಗಣೀಲಿ ತಿರುಗ್ತದೆ."

"ಆ ಪೆರುಮಾಳಣ್ಣನ ಭಾನುವಾರ ಊಟಕ್ಕೆ ಕರೀರಿ. ನಾನೊಂದು ಮಾತು ಕೇಳ್ಬೇಕು."

ಪೆರುಮಾಳ್ ಭಾನುವಾರ ಬಂದ. ಮುದ್ದೆ, ಅವರೆಕಾಳಿನ ಸಾರು. ಎರಡನೇ ಮುದ್ದೆ ಅರ್ಧ ಇಳಿದ ಮೇಲೆ ಅಕ್ಕಯ್ಯಮ್ಮ ಸಾರು ಬಡಿಸುತ್ತ ಮೆಲ್ಲಗೆ ಕೇಳಿದಳು.

"ಅಣ್ಣಾ, ಗಣಿ ಒಳಗೆ ಕೆಲ್ಸಕ್ಕೆ ಓಗೋವಾಗ ಸ್ವೆಟರ್ ಆಕ್ಕೊಂಡೋಗ್ತೀರಾ?"

ಪೆರುಮಾಳ್ ಮುದ್ದೆ ನುಂಗಿ ನಕ್ಕ. "ಸ್ವೆಟರಾ? ಏನಕ್ಕಾ ನೀವು. ಚಡ್ಡಿ ಒಂದು ಬಿಟ್ರೆ ಬನೀನೂ ನಿಲ್ಲಲ್ಲ ಮೈ ಮೇಲೆ. ಒಳಗೆಲ್ಲ ನೆರುಪ್ಪು, ಬೆಂಕಿ. ಕಲ್ಲು ಮುಟ್ಟಿದ್ರೆ ಕೈ ಸುಡ್ತದೆ. ಡಿಸೆಂಬರೂ ಒಂದೇ, ಮೇ ತಿಂಗಳೂ ಒಂದೇ."

"ಅಂಗಾರೆ ಆ ಕಾವಿಗೆ ಎಣ್ಣೆ ನೀರಾಗೋಗ್ತದೇನೋ, ಅದುಕ್ಕೆ ದಪ್ಪಂದು ಬೇಕು."

"ಹೌದು, ಅದಕ್ಕೇ ಐವತ್ತು" ಎಂದ ಪೆರುಮಾಳ್ ಸಲೀಸಾಗಿ. ಅನ್ನುತ್ತಿದ್ದಂತೆ ತಾನು ಅಂದದ್ದು ತನಗೇ ಕೇಳಿಸಿತು. ತುತ್ತು ಹಿಡಿದ ಕೈ ತಟ್ಟೆಯ ಮೇಲೆ ನಿಂತಿತು. ಕೋದಂಡಪ್ಪನ ಕಡೆ ನೋಡಿದ. ಕೋದಂಡಪ್ಪ ಸಾರಿನಲ್ಲಿದ್ದ ಅವರೆಕಾಳುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

"ಇಪ್ಪತ್ತೆರಡು ವರ್ಷ ಆಯ್ತು ಅಕ್ಕಾ ಸರ್ವೀಸು" ಎಂದ ಪೆರುಮಾಳ್. "ಚಳಿ ಹಿಡಿದ ಇಂಜಿನ್ ನಾನು ಒಂದೂ ನೋಡಿಲ್ಲ."

ಸೋಮವಾರ ಅಕ್ಕಯ್ಯಮ್ಮನೇ ಗಂಡನನ್ನು ಕರೆದುಕೊಂಡು ಎಂಟರ ಬಸ್ಸಿಗೆ ಹತ್ತಿದಳು. ಅಂಗಡಿಯ ಮುಂದೆ ಎಣ್ಣೆಯ ಅಳತೆ ಡಬ್ಬಗಳು ಸಾಲಾಗಿದ್ದವು. ಅವಳು ಸೆರಗು ಸಿಕ್ಕಿಸಿಕೊಂಡು, ಮದುವೆ ಮನೆಯ ಒಲೆಯ ಮುಂದೆ ನಿಂತವಳಂತೆ, ಒಂದೊಂದರಲ್ಲೂ ಬೆರಳದ್ದಿ ಎಳೆ ತೆಗೆದು ನೋಡಿದಳು.

"ಇದು ಮೂರೆಳೆ. ಇದು ಎರಡೆಳೆ." ಕೊನೆಯದರ ಮುಂದೆ ನಿಂತಳು. "ಇದು ಒಂದೆಳೆ, ಎಳೇದು. ಜಾರ್ತದೆ. ಇದನ್ನ ಕೊಡಪ್ಪ."

"ಅದು ಇಪ್ಪತ್ತು ನಂಬರಮ್ಮ. ಚಳಿಗಾಲಕ್ಕೆ ಅಂತ್ಲೇ ಬರೋದು" ಎಂದ ಆದಿನಾರಾಯಣ.

ಕೋದಂಡಪ್ಪನಿಗೆ ಕಸಿವಿಸಿಯಾಯಿತು. ಐವತ್ತು ಕೇಳಿದ ಗಂಡಸು ಇಪ್ಪತ್ತಕ್ಕೆ ಇಳಿಯುವುದೆಂದರೆ ಊರ ಯಜಮಾನಿಕೆಯಿಂದ ತಳವಾರಿಕೆಗೆ ಇಳಿದ ಹಾಗೆ. "ಮೊದ್ಲೇ ಯಾಕಯ್ಯಾ ಏಳ್ಲಿಲ್ಲ?" ಎಂದ.

"ನೀವು ಕೇಳ್ಲಿಲ್ಲ ಸ್ವಾಮಿ. ಅಪ್ಪಣೆ ಮಾಡಿದ್ರಿ."

ಮಂಗಳವಾರ ಬೆಳಿಗ್ಗೆ ಐದಕ್ಕೆ ಕೋಸಿನ ಎಲೆಗಳ ಮೇಲೆ ಮಂಜು ಕೂತಿತ್ತು, ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ಕೋದಂಡಪ್ಪ ಹ್ಯಾಂಡಲ್ ಹಿಡಿದು ತಿರುಗಿಸಿದ. ಒಂದು, ಎರಡು, ಮೂರನೆಯ ಸುತ್ತಿಗೆ ಇಂಜಿನ್ ಡುಬುಡುಬು ಎಂದಿತು. ಪೈಪಿನಿಂದ ನೀರು ಕೆಮ್ಮಿ, ಉಗುಳಿ, ಧಾರೆಯಾಗಿ ಕಾಲುವೆಗೆ ಬಿದ್ದಿತು. ಅಕ್ಕಯ್ಯಮ್ಮ ಸನಿಕೆ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ ಹೋದಳು.

ಸದ್ದು ಕೇಳಿ ಬಚ್ಚಪ್ಪ ಕಂಬಳಿ ಸಮೇತ ಓಡಿಬಂದ. ಅವನ ಹಿಂದೆ ಪಕ್ಕದ ತೋಟದ ಜಯರಾಮಪ್ಪ, ಇನ್ನೂ ಇಬ್ಬರು. ಎಲ್ಲರ ಇಂಜಿನ್ನುಗಳೂ ಆಗ ಚಳಿ ಹಿಡಿದು ಮಲಗಿದ್ದವೇ.

"ಏನ್ ಮಾಡ್ದೆ ಅಣ್ಣ?"

ಆ ಒಂದು ಗಳಿಗೆಯಲ್ಲಿ ಕೋದಂಡಪ್ಪ ನಿಜ ಹೇಳಿಬಿಡಬಹುದಿತ್ತು. ಹೆಂಡತಿ ದೂರದ ಮಡಿಯಲ್ಲಿ ಬಗ್ಗಿದ್ದಳು. ಅವನು ಹೆಗಲ ಮೇಲಿನ ಟವೆಲ್ ಕೊಡವಿದ. "ತೆಳ್ಳಗಿರೋ ಎಣ್ಣೆ ಆಕ್ದೆ. ಭೂಮಿ ಒಳಗಿನ ಶಾಖ ಬೇರೆ, ಮೇಲಿನ ಶಾಖ ಬೇರೆ. ಎಲ್ಲಾ ತೂಗಿ ನೋಡ್ದೆ."

"ಎಷ್ಟು ನಂಬರು?" ಎಂದ ಜಯರಾಮಪ್ಪ.

ಬರೀ ಇಪ್ಪತ್ತು ಎಂದುಬಿಟ್ಟರೆ ಮುಗಿಯಿತು. ನಾಳೆ ಎಲ್ಲರೂ ತಾವೇ ತಂದು ಹಾಕಿಕೊಳ್ಳುತ್ತಾರೆ, ತನ್ನ ಹೆಸರು ನಾಡಿದ್ದಿಗೆ ಮರೆತುಹೋಗುತ್ತದೆ. "ನಂಬರು ಇಪ್ಪತ್ತೇ" ಎಂದ ಕೋದಂಡಪ್ಪ ದನಿ ತಗ್ಗಿಸಿ. "ಆದ್ರೆ ಬರೀ ನಂಬರಿಂದ ಆಗಾಕಿಲ್ಲ ಕಣಪ್ಪ. ಕೈಗುಣ ಬೇಕು."

ದೂರದಲ್ಲಿ ಸನಿಕೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಕೇಳಿಸಿತು.

ಅಂದೇ ಮೂವರು ಪೇಟೆಗೆ ಹೋಗಿ ಇಪ್ಪತ್ತು ನಂಬರಿನ ಎಣ್ಣೆ ತಂದರು. ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ಅವರಲ್ಲೊಬ್ಬ ಬಂದು ಕೋದಂಡಪ್ಪನ ಬಾಗಿಲು ಬಡಿದ. "ಕೋದಂಡಣ್ಣ, ಎಣ್ಣೆ ತಂದಿವ್ನಿ. ಒಸಿ ಬಂದು ಕೈ ಆಕ್ಬುಡು."

"ನೀನೇ ತಿರುಗಿಸ್ಕೊಳ್ಳಯ್ಯಾ" ಎಂದು ಒಳಗಿನಿಂದ ಅಂದು ನೋಡಿದ.

"ಕೈಗುಣ ಬೇಕು ಅಂದ್ಯಲ್ಲ."

ಅಕ್ಕಯ್ಯಮ್ಮ ಎದ್ದು ಬಾಗಿಲು ತೆರೆದಳು. "ಬತ್ತಾರೆ ಇರಪ್ಪ" ಎಂದು ಟವೆಲ್ ತಂದು ಗಂಡನ ಕೈಗಿಟ್ಟಳು. ಬಹಳ ವಿನಯದಿಂದ.

ಒಬ್ಬನ ಬಾವಿಯಿಂದ ಇನ್ನೊಬ್ಬನ ಬಾವಿಗೆ, ಅಲ್ಲಿಂದ ಮತ್ತೊಬ್ಬನದಕ್ಕೆ. ಕೈಗುಣಕ್ಕೆ ಖ್ಯಾತಿ ಬಂದಿತು, ಅಂಗೈಗೆ ಬೊಬ್ಬೆ ಬಂದವು. ಎರಡು ದಿನ ಆ ದಣಿವಿನಲ್ಲಿ ನೇರ ಮನೆಗೆ ಹೋಗಿ ಬಿದ್ದುಕೊಂಡವನಿಗೆ ತನ್ನ ಬಾವಿಯ ನೆನಪೇ ಬರಲಿಲ್ಲ. ಮೂರನೆಯ ದಿನ ಜಯರಾಮಪ್ಪನ ಇಂಜಿನ್ ತಿರುಗಿಸುವ ಹೊತ್ತಿಗೆ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಆಗಲೇ ಎಂಟಾಯಿತೇ ಎಂದು ಕೋದಂಡಪ್ಪ ಹ್ಯಾಂಡಲ್ ಬಿಟ್ಟ. ಊರಿನ ಕೋಸಿಗೆಲ್ಲ ನೀರು ಹರಿಸಿ ತನ್ನ ಸರದಿಯನ್ನೇ ಕಳೆದುಕೊಂಡಿದ್ದ. ಪಂಚೆ ಮೇಲೆತ್ತಿ ಬದುಗಳ ಮೇಲೆ ಓಡಿದ. ಏನಾಯಿತೋ ಎಂದು ಜಯರಾಮಪ್ಪನೂ ಅವನ ಹಿಂದೆ ಓಡಿದ.

ಬಾವಿಯ ಹತ್ತಿರ ಬಂದರೆ ಇಂಜಿನ್ ಓಡುತ್ತಿದೆ. ಮಡಿಗಳೆಲ್ಲ ತುಂಬಿವೆ. ಒಂದೊಂದು ಕೋಸೂ ನೀರು ಕುಡಿದು ಎಲೆ ಬಿಗಿದುಕೊಂಡು ಕೂತಿದೆ. ಅಕ್ಕಯ್ಯಮ್ಮ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದಳು. ಬಚ್ಚಪ್ಪ ಬೇವಿನ ಕಡ್ಡಿ ಹಿಡಿದು, ಹಲ್ಲುಜ್ಜುವುದನ್ನು ಮರೆತು ನಿಂತಿದ್ದ.

"ಯಾರು ಸ್ಟಾರ್ಟ್ ಮಾಡಿದ್ದು?" ಎಂದ ಕೋದಂಡಪ್ಪ ಏದುಸಿರು ಬಿಡುತ್ತ.

"ಅತ್ತಿಗೆ. ಮೂರು ದಿನದಿಂದ್ಲೂ ಅತ್ತಿಗೇನೇ ಕಣಣ್ಣ, ನೀನು ಊರೂರು ತಿರುಗ್ತಿದ್ಯಲ್ಲ. ಎರಡೇ ಸುತ್ತು."

"ರಾಗಿಕಲ್ಲಿಗಿಂತ ಅಗುರ" ಎಂದಳು ಅಕ್ಕಯ್ಯಮ್ಮ.

ಜಯರಾಮಪ್ಪ ಕೋದಂಡಪ್ಪನ ಕೈ ನೋಡಿದ, ಅಕ್ಕಯ್ಯಮ್ಮನ ಕೈ ನೋಡಿದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ನಾಳೆಯಿಂದ ನಮ್ಮ ಬಾವಿತಾವ ನೀವೇ ಒಸಿ ಬತ್ತೀರಾ?"

"ನಂಗೆಲ್ಲಪ್ಪ ಪುರುಸೊತ್ತು, ಕೋಸು ನೋಡ್ಕೋಬೇಕು" ಎಂದಳು ಅಕ್ಕಯ್ಯಮ್ಮ. "ಇವ್ರನ್ನೇ ಕರ್ಕೊಂಡೋಗಿ. ಇಲ್ಲಿ ಇವ್ರಿಗೇನೂ ಕೆಲ್ಸ ಇಲ್ಲ. ನಾಲ್ಕಕ್ಕೇ ಎಬ್ಬಿಸಿ ಕಳಿಸ್ತೀನಿ."